ಮೊದಲ ನೀರು

ಸೆಪ್ಟೆಂಬರ್ 22, ಸೋಮವಾರ

ಪುಟ್ಟಮಲ್ಲಮ್ಮ ದೊಡ್ಡ ಮಗಳ ಬಾಣಂತನಕ್ಕೆಂದು ನಂಜನಗೂಡಿಗೆ ಹೋದ ಮೇಲೆ ಈ ಮನೆಯಲ್ಲಿ ಉಳಿದವರು ನಾನು ಮತ್ತು ಕಿರಿಯವಳು ಶೃತಿ. ನನಗೆ ಬರುವುದು ಅನ್ನ, ಸಾರು. ಅವಳಿಗೆ ಬರುವುದು ಉಪ್ಪಿಟ್ಟು. ಹೇಗೋ ನಡೆಯುತ್ತಿದೆ.

ಇವತ್ತು ಕೊರಿಯರಿನವನು ರಟ್ಟಿನ ಪೆಟ್ಟಿಗೆಗಳನ್ನು ಜಗುಲಿಯ ತುಂಬ ಇಳಿಸಿ ಹೋದ. ಆಟ ಆಡುವ ಕಂಪ್ಯೂಟರಂತೆ. ಬಿಡಿಬಿಡಿಯಾಗಿ ಬಂದಿದೆ, ಇವಳೇ ಜೋಡಿಸುತ್ತಾಳಂತೆ. ಅದರೊಳಗೆ ನೀರು ಹರಿಯುತ್ತದಂತೆ! ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಎಂದು ಇಬ್ಬರು ಮಕ್ಕಳನ್ನೂ ಗದರಿಸಿ ಬೆಳೆಸಿದವನು ನಾನು. ಈಗ ಕರೆಂಟಿನ ಡಬ್ಬದೊಳಕ್ಕೇ ನೀರು ಬಿಡುತ್ತಾಳೆ ನನ್ನ ಮಗಳು.

ಇಲ್ಲಿಯೇ ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. ಅದನ್ನು ಬಿಟ್ಟಳು. ಅಕ್ಟೋಬರ್ 26ರ ಭಾನುವಾರ ಒಂದು ಪಂದ್ಯವಿದೆ. ಮನೆಯಲ್ಲೇ ಕೂತು ಆಡಬೇಕು. ಮೈಸೂರಿನ ಹೆಣ್ಣುಮಕ್ಕಳ ತಂಡವೊಂದು ಅದರಲ್ಲಿ ಮೊದಲಿಬ್ಬರನ್ನು ಸಂಬಳಕ್ಕೆ ತೆಗೆದುಕೊಳ್ಳುತ್ತದೆ. ಸಿಕ್ಕರೆ ಅವಳ ದಾರಿ ಅವಳದು. ಸಿಗದಿದ್ದರೆ ಈ ಡಬ್ಬ ಮಾರಿ ಬಿ.ಎಡ್. ಸೇರಬೇಕು. ಮಾತು ಕೊಟ್ಟವಳು ಅವಳು, ಪಟ್ಟು ಹಿಡಿದು ಪಡೆದವನು ನಾನು.

ಜೋಡಿಸಲು ನೆರವಿಗೆ ಸಿದ್ದರಾಮ ಎಂಬ ಆಸಾಮಿ ಬಂದಿದ್ದ. ಬಿಳಿಗಿರಿ ಬೆಟ್ಟದ ಪೋಡಿನವನು, ಅಂದರೆ ಸೋಲಿಗರ ಹಾಡಿಯವನು. ಐ.ಟಿ.ಐ. ಮುಗಿಸಿ ಯಳಂದೂರು ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಾಯಿ ಕಡಿಮೆ. ದೊಡ್ಡವಳ ಸೀಮಂತದಲ್ಲಿ ಉಳಿದ ಪೇಪರ್ ಲೋಟಗಳಿದ್ದವು, ಅದರಲ್ಲಿ ಕಾಫಿ ಕೊಟ್ಟೆ. ಜಗುಲಿಯ ಮೇಲೆ ಕೂತು ಕುಡಿದ. ಶೃತಿ ನನ್ನನ್ನೇ ದುರುಗುಟ್ಟಿ ನೋಡಿದಳು. ಯಾಕೋ ತಿಳಿಯಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಊಟದ ಮೇಜು ಈಗ ಕಾರ್ಖಾನೆ. ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇನೆ.

ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಗಳನ್ನು ಬಿಸಿಗಾಳಿ ಊದಿ ಬಗ್ಗಿಸುತ್ತಾರೆ. ಒಂದಿಷ್ಟು ಹೆಚ್ಚು ಕಾಯಿಸಿದರೆ ಗುಳ್ಳೆ ಬಂದು ಹಾಳು. ಈಗಾಗಲೇ ಎರಡು ಹಾಳಾಗಿವೆ. ಮೂರನೆಯದು ಬಗ್ಗುವಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದರು, ನಾನು ಕೆಮ್ಮಿದ್ದಕ್ಕೆ ಬೈಸಿಕೊಂಡೆ.

“ಇದೆಲ್ಲ ಯಾಕವ್ವ? ಒಂದು ಫ್ಯಾನ್ ಇಕ್ಕುದ್ರೆ ಆಗಾಕಿಲ್ವ?” ಎಂದೆ.

“ನನ್ನ ರೂಮು ಇರೋದು ಹಳೇ ಅಕ್ಕಿ ಮಿಲ್ಲಿನ ಮೇಲೆ ಅಪ್ಪಾಜಿ. ಮಿಲ್ಲು ನಿಂತ್ರೂ ಕೆಳಗಿನ ತೌಡಿನ ಧೂಳು ಹೋಗಿಲ್ಲ, ಅದನ್ನೆಲ್ಲ ಫ್ಯಾನ್ ಎಳ್ಕೊಳ್ಳುತ್ತೆ. ಬಿಸಿಯಾದ್ರೆ ಮಿಷಿನ್ನು ತಾನೇ ನಿಧಾನ ಮಾಡ್ಕೊಳ್ಳುತ್ತೆ. ಆಡ್ತಿರೋವಾಗ ನಿಧಾನ ಆಯ್ತು ಅಂದ್ರೆ ನಾನು ಸತ್ತೆ.”

ಸಾಯುವುದು ಎಂದರೆ ಆಟದಲ್ಲಿ. ಹೀಗೆ ದಿನಕ್ಕೆ ಹತ್ತಾರು ಸಲ ಸಾಯುತ್ತಾಳೆ.

ಆಮೇಲೆ ಬಿಡಿಸಿ ಹೇಳಿದಳು. ಬಿಸಿಯಾಗುವ ಕಂಪ್ಯೂಟರ್ ಚಿಪ್ಪಿನ ಮೇಲೆ ತಾಮ್ರದ ಬಿಲ್ಲೆ. ಅದರಲ್ಲಿ ಕೂದಲಿನಷ್ಟು ಸಣ್ಣ ಸೀಳುಗಳು. ಸಣ್ಣದೊಂದು ಪಂಪು ತೊಟ್ಟಿಯಿಂದ ನೀರನ್ನು ಅದರೊಳಗೆ ಹಾಯಿಸಿ ರೇಡಿಯೇಟರಿಗೆ ತಳ್ಳುತ್ತದೆ. ಇಷ್ಟು ಕೇಳಿದ್ದೇ ನನಗೆ ನಗು ಬಂತು. ಇದು ನಮ್ಮ ಮಿಲ್ಲಿನ ಎಂಜಿನ್ನೇ! ನಮ್ಮಪ್ಪ ತಂದ ಡೀಸೆಲ್ ಎಂಜಿನ್ನು, ಪಕ್ಕದಲ್ಲಿ ನೀರಿನ ತೊಟ್ಟಿ, ನೀರು ಹೋಗಿ ಸುತ್ತಿ ಬಿಸಿಯಾಗಿ ಬರುತ್ತಿತ್ತು. ಇದನ್ನು ಹೇಳಿದಾಗ ಸಿದ್ದರಾಮ ತಲೆಯಾಡಿಸಿದ, ಶೃತಿ ಆಕಳಿಸಿದಳು.

ಸೆಪ್ಟೆಂಬರ್ 30, ಮಂಗಳವಾರ

ಮಿಕ್ಕ ಭಾಗಗಳಿಗೆ ಕರೆಂಟು ಕೊಡದೆ ಬರೀ ಪಂಪನ್ನು ಓಡಿಸಿ ಸೋರುತ್ತದೆಯೇ ಎಂದು ನೋಡಿದರು. ಪ್ರತಿ ಕೀಲಿನ ಕೆಳಗೂ ಟಿಶ್ಯೂ ಕಾಗದ. ಇಡೀ ದಿನ ಮೂವರೂ ಆ ಕಾಗದಗಳನ್ನು ನೋಡಿದ್ದೇ ನೋಡಿದ್ದು. ಒದ್ದೆಯಾಗಲಿಲ್ಲ. ನೀರಿಗೆ ತಿಳಿನೀಲಿ ಬಣ್ಣ ಬೆರೆಸಿದ್ದಾಳೆ, ನೋಡಲು ಚೆನ್ನಾಗಿದೆ ಎಂದು ಒಪ್ಪಬೇಕು.

ನಾಳೆ ಆಯುಧಪೂಜೆ. ನಾಳೆಯೇ ಚಾಲೂ ಮಾಡು, ಮೊದಲ ನೀರು ನಾನು ಹಾಕುತ್ತೇನೆ ಎಂದೆ. ಅವಳು ಬೆಚ್ಚಿಬಿದ್ದಳು.

“ಅದ್ರೊಳಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಒಂದು ತೊಟ್ಟು ಬೇರೆ ಬೀಳಂಗಿಲ್ಲ ಅಪ್ಪಾಜಿ. ಕುಂಕುಮ ಬೇಕಾದ್ರೆ ಹೊರಗೆ ಡಬ್ಬದ ಗಾಜಿಗೆ ಇಡಿ.”

“ಮಾದಪ್ಪನ್ ತೀರ್ಥ ಕಣವ್ವ.”

“ಯಾರ ತೀರ್ಥ ಆದ್ರೂ.”

ಎದ್ದು ಹೋಗಿ ತೀರ್ಥದ ಬಾಟಲಿಯನ್ನು ದೇವರ ಗೂಡಿನಲ್ಲಿ ಮುಂದಕ್ಕೆ ಇಟ್ಟೆ. ಒಳಗೆ ಕುದಿಯುತ್ತಿತ್ತು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ನಮ್ಮ ಮನೆಯ ಪದ್ಧತಿ ಇದು. ನೀರು ಕುಡಿಯುವ ಯಾವ ಯಂತ್ರ ಬಂದರೂ ಅದು ತಿರುಗುವ ಮೊದಲು ಮಾದಪ್ಪ ಎಂದು ನಾವು ಕರೆಯುವ ಮಲೆ ಮಹದೇಶ್ವರನ ಬೆಟ್ಟದ ತೀರ್ಥ ಅದರ ಹೊಟ್ಟೆಗೆ ಬೀಳಬೇಕು. ಎಂಜಿನ್ನಿನ ತೊಟ್ಟಿಗೆ ಅಪ್ಪ ಹಾಕಿದ್ದು. ತೋಟದ ಪಂಪಿಗೆ, ಟ್ರ್ಯಾಕ್ಟರಿನ ರೇಡಿಯೇಟರಿಗೆ ನಾನು ಹಾಕಿದ್ದು. ಹಾಗೆ ಮೊದಲ ನೀರು ಕುಡಿದ ಯಂತ್ರ ಮನೆಯ ಮಗನ ಹಾಗೆ, ಅದನ್ನು ಮಾರುವುದಿಲ್ಲ. ಮಿಲ್ಲು ನಿಂತು ಎಷ್ಟೋ ವರ್ಷವಾಯಿತು. ಗುಜರಿಯವರು ಬಂದು ಬಂದು ಹೋದರು. ಎಂಜಿನ್ನು ಟಾರ್ಪಾಲಿನ ಕೆಳಗೆ ಅಲ್ಲೇ ಇದೆ.

ಶೃತಿ ಹೂವು, ನಿಂಬೆಹಣ್ಣು ತರಲು ಹೋಗಿದ್ದಳು. ತೊಟ್ಟಿಯ ಮುಚ್ಚಳ ಕೈಯಲ್ಲೇ ತಿರುಗಿತು. ತೀರ್ಥಕ್ಕೆ ಒಂದು ಚಿಟಿಕೆ ವಿಭೂತಿ ಬೆರೆಸಿ, ಪೂಜೆಯ ಚಮಚದಲ್ಲಿ ಒಂದು ಚಮಚ ಹಾಕಿದೆ. ಅವರು ನಿನ್ನೆಯೇ ನೀರು ತುಂಬಿದ್ದರಾದರೂ ಯಂತ್ರ ಇನ್ನೂ ತಿರುಗಿರಲಿಲ್ಲವಲ್ಲ, ಆದ್ದರಿಂದ ನನ್ನದೇ ಮೊದಲ ನೀರು. ನೀಲಿಯಲ್ಲಿ ಒಂದು ಬಿಳಿ ಎಳೆ ತೇಲಿ ಕರಗಿಹೋಯಿತು. ಮುಚ್ಚಳ ಬಿಗಿ ಮಾಡಿ ಏನೂ ಆಗದವನ ಹಾಗೆ ಪೇಪರ್ ಓದುತ್ತ ಕೂತೆ.

ಸಂಜೆ ಯಂತ್ರ ಒಂದೇ ಸಲಕ್ಕೆ ಎದ್ದು ನಿಂತಿತು. ಶೃತಿ ಕುಣಿದಾಡಿದಳು. ಯಾರಿಂದ ಎದ್ದಿತು ಎಂದು ನನಗೆ ಗೊತ್ತು.

ಅಕ್ಟೋಬರ್ 5, ಭಾನುವಾರ

ಯಂತ್ರವನ್ನು ಅವಳ ಮೇಲಿನ ರೂಮಿಗೆ ಸಾಗಿಸಿದ್ದಾಯಿತು. ದಿನವಿಡೀ ಅಭ್ಯಾಸ. ಗಾಜಿನ ಮೇಲೆ ಸಣ್ಣ ಪರದೆಯೊಂದಿದೆ, ಅದರಲ್ಲಿ ಬಿಸಿಯ ಅಂಕಿ. ಎಷ್ಟು ಆಡಿದರೂ ಅರವತ್ತರ ಮೇಲೆ ಹೋಗುವುದಿಲ್ಲ. ನಾನು ಕಾಫಿ ಕೊಡಲು ಹೋದಾಗಲೆಲ್ಲ ಮೊದಲು ಅಂಕಿ ನೋಡುತ್ತೇನೆ. ಸುಮ್ಮನೆ, ಎದುರಿಗಿದೆ ಎಂದು.

ಅಕ್ಟೋಬರ್ 11, ಶನಿವಾರ

ಎಪ್ಪತ್ತೊಂದು. ಬಿಸಿಲು ಜಾಸ್ತಿ ಎಂದಳು. ನಿಜ, ಮಳೆ ಕೈಕೊಟ್ಟು ಸೆಕೆ ಏರಿದೆ.

ಅಕ್ಟೋಬರ್ 14, ಮಂಗಳವಾರ

ಸೆಕೆಯಲ್ಲ. ನಿನ್ನೆ ಸಂಜೆ ತಂಪಾಗಿತ್ತು. ಆದರೂ ಅಂಕಿ ಎಂಬತ್ತು ಮುಟ್ಟಿತು. ನೀರಿನ ನೀಲಿ ಒಂಥರಾ ಪಾಚಿಬಣ್ಣಕ್ಕೆ ತಿರುಗಿದೆ. ಶೃತಿ ಟಾರ್ಚ್ ಹಿಡಿದು ತೊಟ್ಟಿಯನ್ನು ನೋಡಿದಳು. “ಏನೋ ಸೇರ್ಕೊಂಡಿದೆ ಅಪ್ಪಾಜಿ” ಎಂದಳು.

ನಾನು ಕೆಳಗೆ ಬಂದೆ. ಒಂದು ಚಮಚ. ಒಂದೇ ಒಂದು ಚಮಚ. ನಮ್ಮ ಎಂಜಿನ್ನಿಗೆ ಅಪ್ಪ ಒಂದು ಚೊಂಬು ಸುರಿದಿದ್ದ. ಅದು ಮೂವತ್ತು ವರ್ಷ ಓಡಿತು.

ಕೂದಲಿನಷ್ಟು ಸಣ್ಣ ಸೀಳುಗಳು ಎಂದು ಅವಳು ಹೇಳಿದ್ದು ಊಟದ ಹೊತ್ತಿಗೆ ನೆನಪಾಯಿತು. ಊಟ ಸೇರಲಿಲ್ಲ.

ಅಕ್ಟೋಬರ್ 16, ಗುರುವಾರ

ಹೇಳಬೇಕೆಂದು ಮೇಲೆ ಹೋದೆ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು. ವಾಪಸ್ ಬಂದೆ. ಮತ್ತೆ ಹೋದೆ. ತೆಗೆದಿಟ್ಟಿದ್ದಳು. ಟೊಮೆಟೊ ತರಲೇ ಎಂದು ಕೇಳಿ ಬಂದೆ.

ದೇವರ ನೀರಿನಿಂದ ಕೆಡುಕಾಯಿತೆಂದು ನನ್ನ ಬಾಯಿಂದ ಹೇಗೆ ಬರಬೇಕು?

ಅಕ್ಟೋಬರ್ 18, ಶನಿವಾರ

ಆಟದ ಮಧ್ಯೆ ಯಂತ್ರ ನಿಂತುಹೋಯಿತು. ಶೃತಿ ಸಿದ್ದರಾಮನಿಗೆ ಫೋನು ಮಾಡಿದಳು, ಅವನು ಅಂಗಡಿ ಮುಚ್ಚಿ ಬಂದ. ತೊಟ್ಟಿಯ ನೀರಿಗೆ ಬಟ್ಟೆಯ ತುಂಡು ಅದ್ದಿ ನೋಡಿದರು. ಬಟ್ಟೆಯ ಮೇಲೆ ಬೂದು ಕೆಸರು.

“ಡಿಸ್ಟಿಲ್ಡ್ ವಾಟರ್ ತಂದಿದ್ದು ನೀವು,” ಎಂದಳು ಶೃತಿ. ಅವಳ ದನಿ ಅಷ್ಟು ತಣ್ಣಗಿದ್ದುದನ್ನು ನಾನು ಕೇಳಿರಲಿಲ್ಲ. “ಎಲ್ಲಿ ತಂದ್ರಿ ನಿಜ ಹೇಳಿ. ಯಾವುದೋ ಬೋರ್‌ವೆಲ್ ನೀರು ಕ್ಯಾನಿಗೆ ತುಂಬಿಸ್ಕೊಂಡು ಬಂದ್ರಾ?”

“ಸೀಲ್ ಒಡೆಯದ ಕ್ಯಾನು ಮೇಡಂ. ನಿಮ್ಮೆದ್ರುಗೇ ಒಡುದ್ನಲ್ಲ.”

“ಒಳಗೆ ಏನಿತ್ತೋ ಯಾರಿಗೆ ಗೊತ್ತು. ವಾರ ಇದೆ ನನಗೆ. ಒಂದು ವಾರ! ನಿಮ್ಮನ್ನ ನಂಬಿದ್ದು ನನ್ನ ತಪ್ಪು.”

ಅವನು ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟ. ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. ನಾನು ಬಾಗಿಲಲ್ಲಿ ಅವನ ಕಾಫಿ ಹಿಡಿದು ನಿಂತಿದ್ದೆ. ನನ್ನ ಪಕ್ಕದಲ್ಲೇ ಹಾದುಹೋದ. ಕಾಫಿ ತೆಗೆದುಕೊಳ್ಳಲಿಲ್ಲ.

ಅಕ್ಟೋಬರ್ 19, ಭಾನುವಾರ

ನಾನು ಬಾಯಿ ಬಿಡಲಿಲ್ಲ.

ಅಕ್ಟೋಬರ್ 20, ಸೋಮವಾರ

ಬೆಳಿಗ್ಗೆ ಯಳಂದೂರಿನ ಬಸ್ ಹತ್ತಿದೆ. ತರಕಾರಿಗೆ ಹೋಗುತ್ತೇನೆಂದು ಹೇಳಿದೆ, ಚೀಲ ಸಹ ಹಿಡಿದಿದ್ದೆ.

ಸಿದ್ದರಾಮನ ಅಂಗಡಿ ಎರಡು ಮಂಚದಷ್ಟು ಜಾಗ. ನನ್ನನ್ನು ಕಂಡು ಎದ್ದು ನಿಂತ, ಸ್ಟೂಲು ಕೊಟ್ಟ, ಪಕ್ಕದಿಂದ ಟೀ ಹೇಳಿದ. ಅವನಿಗೆ ಅವನ ಸ್ಟೀಲ್ ಲೋಟದಲ್ಲಿ ಬಂತು, ನನಗೆ ಪೇಪರ್ ಲೋಟದಲ್ಲಿ. ಪೇಪರ್ ಲೋಟ ಬೆರಳು ಸುಡುತ್ತದೆ, ಹಿಡಿದುಕೊಳ್ಳುವುದು ಕಷ್ಟ. ಇದುವರೆಗೆ ಗಮನಿಸಿರಲಿಲ್ಲ.

ಎಲ್ಲವನ್ನೂ ಹೇಳಿದೆ. ಅವನು ಪರವಾಗಿಲ್ಲ ಬಿಡಿ ಎನ್ನುತ್ತಾನೆ ಎಂದುಕೊಂಡಿದ್ದೆ. ಸುಳ್ಳೇಕೆ, ಹಾಗೆನ್ನಲಿ ಎಂದೇ ಹೋಗಿದ್ದೆ.

“ಮೊನ್ನೆ ಅವ್ರು ಬಯ್ಯೋವಾಗ ನೀವು ಅಲ್ಲೇ ಇದ್ರಲ್ಲ ಸಾ.”

“ಇದ್ದೆ ಕಣಪ್ಪ.”

“ಅವಾಗ ಏಳ್ನಿಲ್ಲ. ಇವಾಗ ಇಲ್ಲೀಗಂಟ ಬಂದು ನನ್ ತಾವ್ ಏಳುದ್ರೆ ಏನ್ ಬಂತು? ನಾ ಆಕಿಲ್ಲ ಅಂತ ನಂಗೊತ್ತು. ಗೊತ್ತಾಗ್ಬೇಕಾದ್ದು ಅವ್ರುಗೆ.” ಅವನ ಕಿವಿ ಕೆಂಪಗಾಗಿತ್ತು. “ನಂಬಿದ್ದು ತಪ್ಪು ಅಂದ್ರು ಸಾ. ಇಡೀ ಯಳಂದೂರಲ್ಲಿ ಯಾರೂ ನಂಗೆ ಅಂಗಂದಿಲ್ಲ.”

“ನೀನ್ ಬಂದು ಒಸಿ ಸರಿ ಮಾಡ್ಕೊಟ್ರೆ...”

“ನಾ ಬರಾಕಿಲ್ಲ ಸಾ. ಟೀ ಕುಡೀರಿ, ಆರೋಯ್ತದೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ಕೂರಲು ಜಾಗವಿತ್ತು. ನಿಂತೇ ಬಂದೆ. ತರಕಾರಿ ತರಲಿಲ್ಲ.

ಅಕ್ಟೋಬರ್ 21, ಮಂಗಳವಾರ. ಅಮಾವಾಸ್ಯೆ

ಬಾಗಿಲಿಗೆ ದೀಪ ಹಚ್ಚಿಟ್ಟು ಮೇಲೆ ಹೋದೆ. ಹೆಡ್‌ಫೋನ್ ಹಾಕಿಕೊಂಡಿದ್ದಳು. ನಾನೇ ಕೈಯಿಂದ ತೆಗೆದೆ.

“ಆ ನೀರ್ಗೆ ಏನೋ ಸೇರಿದ್ದು ನನ್ನಿಂದ ಕಣವ್ವ. ಆಯುಧಪೂಜೆ ದಿನ ತೀರ್ಥ ಆಕ್ದೆ. ಇಬೂತಿನೂ ಒಂದು ಚಿಟ್ಕೆ.”

ಅವಳು ಕೂಗಾಡಿದ್ದರೆ ನನಗೂ ಎದುರು ಕೂಗಾಡಲು ಧೈರ್ಯ ಬರುತ್ತಿತ್ತು. ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಶನಿವಾರ ನಾನು ಅವರಿಗೆ ಬೈದಾಗ ನೀವು ಬಾಗಿಲಲ್ಲೇ ನಿಂತಿದ್ರಿ.”

“ನಿಂತಿದ್ದೆ.”

“ತೀರ್ಥ ಹಾಕಿದ್ದು ಬಿಡಿ. ನಿಮಗೆ ಗೊತ್ತಿರಲಿಲ್ಲ. ನಿಂತ್ಕೊಂಡು ನೋಡ್ತಾ ಇದ್ರಲ್ಲ ಅಪ್ಪಾಜಿ, ಅದು.”

ಅಷ್ಟೇ ಹೇಳಿ ಸ್ಕೂಟಿಯ ಕೀ ತೆಗೆದುಕೊಂಡು ಹೋದಳು. ಪಟಾಕಿಯ ಸದ್ದಿನಲ್ಲಿ ಗಾಡಿಯ ಸದ್ದು ಬೇಗ ಅಡಗಿತು. ಯಳಂದೂರಿಗೇ ಹೋಗಿದ್ದಳು. ಒಬ್ಬಳೇ ಹಿಂದಿರುಗಿದಳು. ಕ್ಷಮೆ ಕೇಳಿದಳಂತೆ. ಅವನು ಬರುತ್ತೇನೆ ಎಂದೂ ಅನ್ನಲಿಲ್ಲವಂತೆ, ಬರುವುದಿಲ್ಲ ಎಂದೂ ಅನ್ನಲಿಲ್ಲವಂತೆ.

ನನಗೆ ತುಂಬ ನಾಚಿಕೆಯಾಯಿತು. ಈ ಮಾತನ್ನು ಇದಕ್ಕಿಂತ ಚೆನ್ನಾಗಿ ಬರೆಯಲು ಬರುವುದಿಲ್ಲ.

ಅಕ್ಟೋಬರ್ 23, ಗುರುವಾರ

ನೀರು ಬಸಿದು ಎಲ್ಲವನ್ನೂ ಬಿಚ್ಚಿದೆವು. ಬಿಚ್ಚಿದವಳು ಅವಳು, ಬೋಗುಣಿ ಹಿಡಿದವನು ನಾನು. ತಾಮ್ರದ ಬಿಲ್ಲೆಯ ಮುಚ್ಚಳ ತೆಗೆದಾಗ ಸೀಳುಗಳ ತುಂಬ ಬಿಳಿ ಬೂದಿ ಗಟ್ಟಿಯಾಗಿ ಕೂತಿತ್ತು, ಹಣೆಗೆ ಮೂರು ಬೆರಳಲ್ಲಿ ಎಳೆದ ಹಾಗೆ ಸಾಲು ಸಾಲಾಗಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಕತ್ತು ಹಿಡಿದುಕೊಂಡಿತು. ಅವಳು ಸಾಕು ಎಂದರೂ ಬಿಡಲಿಲ್ಲ.

ಮರಳಿ ಜೋಡಿಸುವಾಗ ಎರಡು ಕೀಲುಗಳ ರಬ್ಬರ್ ಬಳೆ ಹರಿದವು. ಬೇರೆ ಬಳೆ ಇಲ್ಲ. ಅವಿಲ್ಲದೆ ನೀರು ಬಿಟ್ಟರೆ ಸೋರಿ ಎಲ್ಲ ಸುಟ್ಟುಹೋಗುತ್ತದೆ. ಕೊಳ್ಳೇಗಾಲದ ಅಂಗಡಿಗಳನ್ನೆಲ್ಲ ಸುತ್ತಿದೆ, ನಲ್ಲಿಯ ಬಳೆ ಸಿಗುತ್ತವೆ, ಆ ಅಳತೆಯವು ಸಿಗುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದರೆ ಮುಂದಿನ ಬುಧವಾರ ಬರುತ್ತವಂತೆ. ಶೃತಿ ಬಿಚ್ಚಿಟ್ಟ ಸಾಮಾನಿನ ಮಧ್ಯೆ ಗೋಡೆಗೊರಗಿ ಕೂತುಬಿಟ್ಟಳು. ನಾನು ಉಪ್ಪಿಟ್ಟು ಮಾಡಲು ಹೋಗಿ ತಳ ಹಿಡಿಸಿದೆ. ಇಬ್ಬರೂ ಅದನ್ನೇ ತಿಂದೆವು.

ಮಾದಪ್ಪನ ಬೆಟ್ಟದ ಜಾತ್ರೆಗೆ ಹೋಗಿದ್ದ ತಂಗಿ ಸುವರ್ಣಮ್ಮ ಸಂಜೆ ಹೊಸ ತೀರ್ಥ ಕೊಟ್ಟುಹೋದಳು. ಬಾಟಲಿಯನ್ನು ದೇವರ ಗೂಡಿನಲ್ಲಿ ತೀರ ಹಿಂದಕ್ಕೆ ಇಟ್ಟೆ.

ಅಕ್ಟೋಬರ್ 24, ಶುಕ್ರವಾರ

ಮಧ್ಯಾಹ್ನ ಬೈಕಿನ ಸದ್ದು. ಗೇಟಿನ ಹೊರಗೆ ಸಿದ್ದರಾಮ, ಕೈಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಪೊಟ್ಟಣ, ಅದರಲ್ಲಿ ಕಪ್ಪು ಬಳೆಗಳು. ಶೃತಿ ರಾತ್ರಿ ಅವನಿಗೆ ಹರಿದ ಬಳೆಯ ಫೋಟೊ ಕಳಿಸಿದ್ದಳಂತೆ. ಅದನ್ನು ನನಗೆ ಹೇಳಿರಲಿಲ್ಲ. ಪೊಟ್ಟಣವನ್ನು ಗೇಟಿನ ಮೇಲಿಂದ ಚಾಚಿದ.

“ಇವ ಕೊಟ್ಬುಡಿ ಸಾ. ನಾ ಓಯ್ತೀನಿ.”

“ಒಳಕ್ ಬಾ ಸಿದ್ದರಾಮ. ನಂಗೆ ಬಳೆ ಕೂರ್ಸಾಕ್ ಬರಾಕಿಲ್ಲ, ಅವ್ಳ ಕೈ ನಡುಗ್ತಾ ಅದೆ. ನನ್ ಮೇಲಿನ್ ಸಿಟ್ಟ ನನ್ ಮೇಲೇ ಮಡುಗು, ಅವ್ಳ ಮೇಲೆ ಬ್ಯಾಡ.”

ಒಂದು ಕ್ಷಣ ನಿಂತು ಚಪ್ಪಲಿ ಬಿಟ್ಟ. ಅಡಿಗೆಮನೆಯಲ್ಲಿ ಕಾಫಿ ಬೆರೆಸುವಾಗ ಪೇಪರ್ ಲೋಟಗಳು ಎದುರಿಗೇ ಇದ್ದವು, ಯಾಕೋ ಕೈ ಸ್ಟೀಲ್ ಲೋಟಕ್ಕೆ ಹೋಯಿತು. ಮೇಜಿನ ಹತ್ತಿರ ಕೂತು ಕುಡಿದ. ಅರ್ಧದಲ್ಲಿ, “ಸಕ್ರೆ ಒಸಿ ಜಾಸ್ತಿ ಆಯ್ತು ಸಾ,” ಎಂದ. ಇವನು ತಿಂಗಳಿಂದ ನನ್ನ ಕಾಫಿ ಕುಡಿದಿದ್ದಾನೆ, ಇದನ್ನು ಹೇಳಿದ್ದು ಇವತ್ತು.

ಅಕ್ಟೋಬರ್ 25, ಶನಿವಾರ

ಎಲ್ಲ ಕೂರಿಸಿಯಾಯಿತು. ಸೀಲು ಒಡೆಯದ ಕ್ಯಾನನ್ನು ಶೃತಿ ಸಿದ್ದರಾಮನ ಕೈಯಲ್ಲೇ ಒಡೆಸಿದಳು. ಆಮೇಲೆ ಅದನ್ನು ನನ್ನತ್ತ ಚಾಚಿದಳು.

“ಮೊದಲ ನೀರು ನೀವೇ ಹಾಕಿ ಅಪ್ಪಾಜಿ. ಆದ್ರೆ ಇದೇ ನೀರು.”

ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಂದು ತೊಟ್ಟು ಆಚೆ ಬೀಳದಂತೆ ಸುರಿದೆ. ಬಣ್ಣ ಬೆರೆಸಲಿಲ್ಲ, ಬರೀ ನೀರು, ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಪಂಪು ಓಡಿತು. ಸಂಜೆಯವರೆಗೆ ಕಾಗದ ಒಣಗಿಯೇ ಇತ್ತು. ನಾನು ಅಲ್ಲಿಂದ ಏಳಲಿಲ್ಲ.

ಅಕ್ಟೋಬರ್ 26, ಭಾನುವಾರ

ಬೆಳಿಗ್ಗೆ ನಾನು ಪೂಜೆ ಮುಗಿಸುವಾಗ ಶೃತಿ ತಲೆಗೆ ಸ್ನಾನ ಮಾಡಿ ಬಂದು ಹಿಂದೆ ನಿಂತಳು. ಅಂಗೈ ಚಾಚಿದಳು.

“ಮಿಷಿನ್ನಿಗೆ ಬೇಡ. ಆಡೋಳು ನಾನು. ನನಗೆ ಕೊಡಿ.”

ಕೊಟ್ಟೆ. ಬಾಗಿಲ ಹೊರಗೆ ಸಿದ್ದರಾಮ ನಿಂತಿದ್ದ. “ನಂಗೂ ಆಕಿ ಸಾ. ಮಾದಪ್ಪ ನಮ್ಮೋನೂ ಅಲ್ವಾ.” ಅವನ ಅಂಗೈಗೂ ಹಾಕಿದೆ. ಕಣ್ಣಿಗೊತ್ತಿಕೊಂಡು ಕುಡಿದ.

ಪಂದ್ಯ ಸಂಜೆಯವರೆಗೆ ನಡೆಯಿತು. ಆಟ ನನಗೆ ತಿಳಿಯದು. ನಾನು ಅಂಕಿಯೊಂದನ್ನೇ ನೋಡುತ್ತಿದ್ದೆ. ಐವತ್ತೆಂಟು. ಅರವತ್ತು. ಒಮ್ಮೆ ಅರವತ್ತಮೂರಕ್ಕೆ ಹೋಯಿತು, ಸಿದ್ದರಾಮ ನನ್ನ ಮೊಣಕೈ ಹಿಡಿದ. ಮತ್ತೆ ಇಳಿಯಿತು. ಯಂತ್ರ ಒಂದು ಕ್ಷಣವೂ ತಡವರಿಸಲಿಲ್ಲ.

ಶೃತಿ ಮೂರನೆಯವಳಾದಳು. ತೆಗೆದುಕೊಳ್ಳುವುದು ಇಬ್ಬರನ್ನು.

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. “ಮಿಷಿನ್ನಿಂದ ಸೋಲಲಿಲ್ಲ ಅಪ್ಪಾಜಿ. ಅವರು ನನಗಿಂತ ಚೆನ್ನಾಗಿ ಆಡಿದ್ರು,” ಎಂದಳು. ನಾನು ಕುಗ್ಗಬಾರದೆಂದು ಮೊದಲು ಅದನ್ನೇ ಹೇಳಿದಳು. ಆಮೇಲೆ ಸಿದ್ದರಾಮನ ಕಡೆ ತಿರುಗಿ, “ಇದನ್ನ ಯಾರಾದ್ರೂ ತಗೊಳ್ಳೋರು ಇದ್ರೆ ನೋಡಿ,” ಎಂದಳು.

“ಇದ ಮಾರಂಗಿಲ್ಲ,” ಎಂದೆ.

“ಮಾತು ಕೊಟ್ಟಿದ್ದೀನಿ.”

“ಮಾತ್ ಕೊಟ್ಟೋಳು ನೀನು. ನೀರ್ ಆಕ್ದೋನು ನಾನು. ಮೊದುಲ್ ನೀರ್ ಕುಡ್ದಿರೋ ಯಂತ್ರುವ ಈ ಮನೇಲಿ ಯಾರೂ ಮಾರಿಲ್ಲ. ಕೆಳಗ್ ಓಗಿ ಟಾರ್ಪಾಲ್ ಎತ್ತಿ ನೋಡೋಗು.”

ಪಂಪು ಸಣ್ಣಗೆ ಸದ್ದು ಮಾಡುತ್ತಿತ್ತು. ಆಗ ಸಿದ್ದರಾಮ ಗಂಟಲು ಸರಿಮಾಡಿಕೊಂಡ.

“ಸಾ ಎಲ್ಡು ಸಲ ಆಕವ್ರೆ ಕಣ್ರಿ ಮೇಡಂ.”

ಶೃತಿ ಜೋರಾಗಿ ನಕ್ಕಳು. ನಗುತ್ತಲೇ ಅತ್ತಳು. ಎಷ್ಟೋ ವರ್ಷಗಳ ಮೇಲೆ ಅವಳ ತಲೆ ಸವರಿದೆ. ಕೂದಲು ಇನ್ನೂ ಸ್ವಲ್ಪ ಒದ್ದೆಯಿತ್ತು.

ಬಿ.ಎಡ್. ವಿಷಯ ಪುಟ್ಟಮಲ್ಲಮ್ಮ ಬಂದ ಮೇಲೆ ಮಾತಾಡಿದರಾಯಿತು. ಜನವರಿಯಲ್ಲಿ ಇನ್ನೊಂದು ಪಂದ್ಯವಿದೆಯಂತೆ. ಅಷ್ಟರೊಳಗೆ ಒಮ್ಮೆ ನೀರು ಬದಲಿಸಬೇಕು ಎಂದ ಸಿದ್ದರಾಮ.

ಕೆಳಗೆ ಹೋಗಿ ಮೂರು ಲೋಟ ಕಾಫಿ ಬೆರೆಸಿದೆ. ಒಂದಕ್ಕೆ ಸಕ್ಕರೆ ಕಡಿಮೆ.